ಹದಿನಾರಕ್ಕೆ ಎರಡು ಮನೆ

ಕೆಂಗೇರಿ ಸ್ಟ್ಯಾಂಡಿನಲ್ಲಿ ಹನ್ನೆರಡು ನಿಮಿಷ ಬಿಡುವು.
ಇಂಜಿನ್ ಆರಿಸಿ ಬಾ ಮುನಿಚೌಡಪ್ಪ, ಈ ಸೀಟಿಗೆ,
ಪೇಪರಿನ ಹಿಂಬದಿ ನಿನಗೂ ತೋರಿಸುತ್ತೇನೆ.

ಕರಿ ಮನೆಯೊಳಗೆ ಓರೆ ಗೆರೆ ನೋಡು,
ಗೆರೆಯ ಮೇಲೊಂದು ಅಂಕಿ, ಕೆಳಗೊಂದು,
ಟಿಕೆಟ್ಟಿನ ಬೆನ್ನಿಗೆ ನಾನು ಬರೆದುಕೊಡುವ ಚಿಲ್ಲರೆಯ ಹಾಗೆ:
ಇಷ್ಟು ಬಾಕಿ, ಇಳಿಯುವಾಗ ಕೇಳಿ ತಗೊಳ್ಳಿ.
ಮೇಲಿನದು ಬಲಕ್ಕೆ ಸಲ್ಲಬೇಕು, ಕೆಳಗಿನದು ಕೆಳಕ್ಕೆ.
ಬಿಳಿ ಮನೆಗೆ ಒಂದರಿಂದ ಒಂಬತ್ತು;
ಕೂಡಿದರೆ ಬಾಕಿ ಸರಿಯಾಗಿ ತೀರಬೇಕು.
ಒಂದೇ ಸಾಲಿಗೆ ಒಂದೇ ಅಂಕಿ ಎರಡು ಸಲ ಹತ್ತುವಂತಿಲ್ಲ.

ಹದಿನಾರಕ್ಕೆ ಎರಡು ಮನೆ.
ಎಂಟು ಎಂಟು ಅನ್ನಬೇಡ, ಈಗಷ್ಟೇ ಹೇಳಿದೆನಲ್ಲ.
ಏಳು, ಒಂಬತ್ತು. ಬೇರೆ ದಾರಿಯೇ ಇಲ್ಲ.
ಯಾವುದು ಮುಂದೆ, ಯಾವುದು ಹಿಂದೆ?
ಗೊತ್ತಿಲ್ಲದಿದ್ದರೆ ಎರಡನ್ನೂ ಮೂಲೆಯಲ್ಲಿ
ಸಣ್ಣಗೆ ಬರೆದಿಟ್ಟುಕೋ, ಪೆನ್ಸಿಲ್ಲು ಒತ್ತಬೇಡ.
ಮೇಲಿಂದ ಇಳಿಯುವ ಹದಿನೇಳಕ್ಕೂ ಎರಡೇ ಮನೆ,
ಎಂಟು, ಒಂಬತ್ತು. ಈಗ ಎರಡೂ ಸಾಲು ಕೂಡುವ ಈ ಮನೆಗೆ...

“ಸಿರ್ಸಿ ಸರ್ಕಲ್ಲಿನ ಪೊಲೀಸು” ಅಂದ ಅವನು, ಬೆಂಕಿಕಡ್ಡಿ ಕಚ್ಚಿಕೊಂಡೇ,
“ಎರಡು ರಸ್ತೆಗೂ ನಿಂತವನು ಒಬ್ಬನೇ. ಒಂಬತ್ತು ಹಾಕು.”
ನನಗೆ ಅದು ಹೊಳೆಯೋಕೆ ಒಂದು ವಾರ ಹಿಡಿದಿತ್ತು.

ಆಮೇಲೆ ಅವನೇ ಕೇಳಿದ: ಸೊನ್ನೆ?
ಸೊನ್ನೆ ಇಲ್ಲಪ್ಪ ಈ ಆಟದಲ್ಲಿ.
ನಕ್ಕು, ಹಿಂದಿನ ಖಾಲಿ ಸೀಟುಗಳತ್ತ ತಿರುಗಿದ.
ಬೆಳಿಗ್ಗೆ ಮಾರ್ಕೆಟ್ಟಿನಿಂದ ಮೊದಲ ಟ್ರಿಪ್ಪಿಗೆ
ನಲವತ್ತೊಂದು ಸೊನ್ನೆ ಹರಿದುಕೊಟ್ಟಿದ್ದೆ:
ಸೇವಂತಿಗೆ ಮೂಟೆಗೆ ಒರಗಿ ನಿದ್ದೆಹೋದ ಸೊನ್ನೆ,
ಗಾರ್ಮೆಂಟ್ಸಿಗೆ ಲೇಟಾಯಿತೆಂದು ನನ್ನನ್ನೇ ಬೈದ ಸೊನ್ನೆ,
ಬ್ಯಾಟರಾಯನಪುರದಲ್ಲಿ ಹಾರಿ ಇಳಿದು
ಚಪ್ಪಲಿ ಬಸ್ಸಲ್ಲೇ ಬಿಟ್ಟ ಸೊನ್ನೆ.
ಅವರೆಲ್ಲ ಹತ್ತಿದರೆ ಬಸ್ಸು ಎಡಕ್ಕೆ ವಾಲುತ್ತದೆ;
ನನ್ನ ಮೆಷೀನಿಗೆ ಅದು ಗೊತ್ತಿಲ್ಲ,
ಬ್ರೇಕು ತುಳಿಯುವವನಿಗೆ ಗೊತ್ತು.

ಈ ಸೊನ್ನೆ ಬರುವುದಕ್ಕೆ ಮೊದಲಿನ ಮಾತು.
ಮೂರು ರೂಪಾಯಿ ಕಮ್ಮಿಯಾಯಿತೆಂದು ಒಬ್ಬಳನ್ನು
ನಾಯಂಡಹಳ್ಳಿಯಲ್ಲಿ ಇಳಿಸಿದ್ದೆ, ಸೀಟಿ ಊದಿ.
ಮೂರಕ್ಕೆ ಎರಡು ಮನೆ: ಒಂದು, ಎರಡು.
ಎಲ್ಲಕ್ಕಿಂತ ಸುಲಭದ ಲೆಕ್ಕ.
ಅವನಿಗೆ ಅದನ್ನು ಹೇಳಲಿಲ್ಲ.

ಕಂಟ್ರೋಲರು ಕಿಟಕಿ ಬಡಿದ. ಟೈಮಾಯಿತು.
ಕೆಳಗಿನ ಮೂಲೆ ಹಾಗೇ ಉಳಿಯಿತು,
ಒಂದೇ ಸಾಲಿನಲ್ಲಿ ಎರಡು ನಾಲ್ಕು ಬಂದು ಕೂತಿವೆ,
ಎಲ್ಲೋ ತಪ್ಪಿದ್ದೇನೆ, ರಬ್ಬರು ಮನೆಯಲ್ಲಿದೆ.
ಪೇಪರು ಮಡಿಚಿ ಬ್ಯಾಗಿಗೆ ತುರುಕಿದೆ.

ರಾಜರಾಜೇಶ್ವರಿ ಗೇಟಿನ ಸಿಗ್ನಲ್ಲಿನಲ್ಲಿ ಕೆಂಪು.
ಕನ್ನಡಿಯಲ್ಲಿ ಅವನ ಹುಬ್ಬು ಮೇಲಕ್ಕೇರಿತು,
ಎಲ್ಲರ ತಲೆ ಮೇಲಿಂದ ಕೂಗಿದ:
“ಇಪ್ಪತ್ಮೂರಕ್ಕೆ ಮೂರು ಮನೆ?”
“ಆರು! ಎಂಟು! ಒಂಬತ್ತು!” ಅಂದೆ, ಕಂಬಿ ಹಿಡಿದುಕೊಂಡೇ.
ಮುಂದಿನ ಸೀಟಿನ ತಾತ ಗಾಬರಿಯಾಗಿ
ಅಂಗಿ ಜೇಬು ತಡಕಿ
ಆರು ರೂಪಾಯಿ ಎಣಿಸತೊಡಗಿದರು.