ಜೋನಿಬೆಲ್ಲದ ದಿಗಂತ

ಮಂಡಿ ಮೊಹಲ್ಲಾದ ಗುಜರಿಯಲ್ಲಿ
ಹಿತ್ತಾಳೆಯ ತೂಕಕ್ಕೆ ಸಿಕ್ಕಿತು ಸೆಕ್ಸ್‌ಟಂಟ್.
ಕನ್ನಡಿ ಎರಡು, ಒಂದಕ್ಕೆ ಪೊರೆ.
ಕಮಾನಿನ ಮೇಲೆ ಡಿಗ್ರಿಗಳ ಗೀಟು,
ಯಾರೋ ಉಸಿರು ಬಿಗಿಹಿಡಿದು ಕೊರೆದದ್ದು.
‘ಸಮುದ್ರದ ಸಾಮಾನು ಟೀಚರಮ್ಮ,’ ಅಂದ ಖಲೀಮುಲ್ಲಾ,
‘ಇಲ್ಲಿದ್ರೆ ಕರಗಿಸಿ ನಲ್ಲಿ ಮಾಡ್ತಾರೆ.’

ಪಾಂಡವಪುರದಾಚೆ ನಮ್ಮ ಆಲೆಮನೆ.
ಸುತ್ತ ಆಳೆತ್ತರ ಕಬ್ಬು, ಅದರಾಚೆ ಕುಂತಿಬೆಟ್ಟ.
ಇದು ಕೇಳುವುದೋ
ನೀರೂ ಬಾನೂ ಕೂಡುವ ನೆಟ್ಟನೆ ಗೆರೆ.
ನಮ್ಮಲ್ಲಿ ನೀರೇ
ನಾಲೆಯಲ್ಲಿ ಸರದಿ ಪ್ರಕಾರ ಬರುತ್ತದೆ.

ಹಳಬರ ಉಪಾಯವೊಂದು ಓದಿದ್ದೆ:
ದಿಗಂತ ಇಲ್ಲದವರು
ತಟ್ಟೆಗೆ ಪಾದರಸ ಹೊಯ್ದುಕೊಳ್ಳಬೇಕು,
ಅದೂ ಇಲ್ಲದವರು ಕಾಕಂಬಿ.

ಧನುರ್ಮಾಸದ ನಡುಹಗಲು.
ಪಾಕ ನೋಡುವ ಸಣ್ಣತಾಯಮ್ಮ
ತನ್ನ ಊಟದ ತಟ್ಟೆಗೇ ಸುರಿದಳು ಜೋನಿಬೆಲ್ಲ.
ಮೊದಲು ನೊಣ. ಆಮೇಲೆ ಗಾಳಿ.
ಆಮೇಲೆ ಗಾಣದ ಅದುರು, ತಟ್ಟೆಯ ತುಂಬ ಸುಕ್ಕು.
ನಿಲ್ಲಿಸಿ ಅಂದೆ. ಬೈದುಕೊಂಡೇ ನಿಲ್ಲಿಸಿದರು.

ಕಪ್ಪು ಗಾಜಿನೊಳಗೆ ಎರಡು ಸೂರ್ಯ.
ಮೇಲಿನದನ್ನು ಕೂದಲೆಳೆಯಷ್ಟೇ ಸರಿಸಿ ಸರಿಸಿ
ಬೆಲ್ಲದೊಳಗಿನದರ ಮೇಲೆ ಕೂರಿಸಿದೆ.
ನೂರೆಂಟು ಡಿಗ್ರಿ.
‘ನೂರೆಂಟಾ?’ ಕೈ ಮುಗಿದಳು ಸಣ್ಣತಾಯಮ್ಮ.
ಅರ್ಧ ಮಾಡಿದೆ, ತೊಂಬತ್ತರಲ್ಲಿ ಕಳೆದೆ,
ದಕ್ಷಿಣಕ್ಕೆ ಸರಿದ ಸೂರ್ಯನ ಪಾಲನ್ನೂ ಕಳೆದೆ:
ಉತ್ತರಕ್ಕೆ ಹನ್ನೆರಡೂವರೆ.
‘ಅಂದ್ರೆ?’
‘ಅಂದ್ರೆ ನಾವು ಇಲ್ಲಿದ್ದೀವಿ.’

‘ಅದ ತಿಳ್ಕಳಾಕೆ ಗಾಣ ನಿಲ್ಲುಸ್ಬೇಕಿತ್ತಾ?’
ತಟ್ಟೆ ಎತ್ತಿಕೊಂಡಳು.
ತೋರುಬೆರಳಲ್ಲಿ ಅಂಚಿನಿಂದ ಅಂಚಿಗೆ
ಸೂರ್ಯನ ಸಮೇತ ಬಳಿದು
ನೆಕ್ಕಿದಳು.
‘ಪಾಕ ಒಂಚೂರು ಎಳೇದಾಯ್ತು,’ ಅಂದಳು.