ನಡಾವಳಿಯಲ್ಲಿ ಬರೆಯದ್ದು

ಸಭೆ ಆರಕ್ಕೆ ಶುರುವಾಯಿತು. ಕೋರಂ ಇತ್ತು.
ಅಷ್ಟನ್ನು ಬರೆದೆ.
ಹೀಟರಿನ ಗೊರಕೆಯನ್ನು ಬರೆಯಲಿಲ್ಲ,
ಬೂಟುಗಳಿಂದ ಕರಗಿ ಇಳಿದ ಮಾರ್ಚ್ ತಿಂಗಳ ಹಿಮ
ಕುರ್ಚಿಗಳ ಕೆಳಗೆ ಪುಟ್ಟ ಕೆರೆ ಕಟ್ಟಿದ್ದನ್ನೂ.
ಹತ್ತೊಂಬತ್ತು ವರ್ಷದಿಂದ ಇದೇ ನನ್ನ ಕೆಲಸ:
ಠರಾವು ಬರೆ, ನಿಟ್ಟುಸಿರು ಬಿಡು.

ವಿಷಯ ಸಂಖ್ಯೆ ನಾಲ್ಕು:
ಇಪ್ಪತ್ಮೂರನೇ ನಂಬರಿನ ಕಡೆಯ ಎರಡು ಟ್ರಿಪ್ಪುಗಳ ರದ್ದತಿ.
ವಿಷಯ ಸಂಖ್ಯೆ ಐದು:
ಮುಚ್ಚಿದ ಹೆದ್ದಾರಿಯ ಹಳ್ಳದಲ್ಲಿ ಏನು ಕಟ್ಟುವುದು.

ಐದನ್ನೇ ಮೊದಲು ತೆಗೆದುಕೊಂಡರು, ಅದಕ್ಕೆ ಚಿತ್ರಗಳಿದ್ದವು.
ಸಲಹೆಗಾರ, ಇನ್ನೂ ಮೀಸೆ ಬಲಿಯದ ಹುಡುಗ,
ಕೆಂಪು ಬೆಳಕಿನ ಚುಕ್ಕಿ ಕುಣಿಸುತ್ತ ತೋರಿಸಿದ:
ಇಲ್ಲಿ ಗಾಜಿನ ಮನೆಗಳು, ಇಲ್ಲಿ ಕಾಫಿ, ಇಲ್ಲಿ ಸೈಕಲ್ಲು.
ಚಿತ್ರದೊಳಗೆ ಯಾವಾಗಲೂ ಬೇಸಿಗೆ.
ಬಲೂನು ಹಿಡಿದ ಮಗುವಿಗೆ ನೆರಳೇ ಬಿದ್ದಿರಲಿಲ್ಲ.
ಬಸ್ಸೂ ಇರಲಿಲ್ಲ. ಯಾರೂ ಕೇಳಲಿಲ್ಲ.

ಆ ಹಳ್ಳ ನನಗೆ ಗೊತ್ತು.
ನಾನು ಹುಟ್ಟುವ ಮೊದಲು ಇಂಥದೇ ಒಂದು ಸಭೆ
ಹೆದ್ದಾರಿ ಬಂದರೆ ಅಕ್ರಾನ್ ಉದ್ಧಾರವಾಯಿತೆಂದು
ಕೈ ಎತ್ತಿ ಒಪ್ಪಿತ್ತು.
ಆ ಪುಸ್ತಕ ಕಪಾಟಿನಲ್ಲಿದೆ, ಧೂಳು ಕೊಡವಿ ಓದಿದ್ದೇನೆ.
ಎರಡು ಚರ್ಚು, ಒಂದು ಸಲೂನು,
ರಾತ್ರಿಯಿಡೀ ಸ್ಯಾಕ್ಸೊಫೋನು ನುಡಿಯುತ್ತಿದ್ದ ಹೋಟೆಲ್ಲು,
ಇವೆಲ್ಲ ಸೇರಿ ಅಲ್ಲಿ ಒಂದೇ ಪದ: ನಿವೇಶನ.
ಕಾರುಗಳು ಬಂದವು. ಹೋದವು. ಹೋದವು ಬರಲಿಲ್ಲ.
ಈಗ ಡಾಂಬರಿನ ಬಿರುಕಿಗೆ ಗಿಡ ಹುಟ್ಟಿ
ನನ್ನೆತ್ತರ ಬೆಳೆದಿದೆ.

ಲೋಕಕ್ಕೆಲ್ಲ ಟೈರು ಕೊಟ್ಟ ಊರು ಇದು.
ಅಪ್ಪನ ಉಗುರಿನ ಸಂದಿಯಲ್ಲಿ
ಹೆಣದ ಪೆಟ್ಟಿಗೆ ಮುಚ್ಚುವಾಗಲೂ ರಬ್ಬರಿನ ಕಪ್ಪು ಇತ್ತು.

ಮಾತಾಡುವವರ ಪಟ್ಟಿಯಲ್ಲಿ ಹದಿನೇಳನೆಯ ಹೆಸರು
ವರ್ನೆಲ್ ಟಬ್ಸ್. ಆಸ್ಪತ್ರೆಯ ಲಾಂಡ್ರಿಯ ನೀಲಿ ಅಂಗಿ,
ನಾಲ್ಕು ಮಡಿಕೆಯ ಕಾಗದ.
ಒಬ್ಬೊಬ್ಬರಿಗೆ ಮೂರು ನಿಮಿಷ.
ಪಾರ್ಕಿಂಗ್ ಸಾಲದೆಂದ ಮುದುಕರೊಬ್ಬರು ಒಂಬತ್ತು ತೆಗೆದುಕೊಂಡರು.
ಆಕೆ ಗಡಿಯಾರ ನೋಡಿದಳು, ಕಾಗದ ನೋಡಿದಳು,
ಎಂಟೂ ಇಪ್ಪತ್ತೈದಕ್ಕೆ ಎದ್ದು ನನ್ನ ಮೇಜಿಗೆ ಬಂದಳು.

"ಇನ್ನೆಷ್ಟು ಹೊತ್ತು?"
"ಇನ್ನೂ ಐದು ಜನ."
"ಎಂಟೂ ನಲವತ್ತು ತಪ್ಪಿದರೆ ಒಂಬತ್ತೂವರೆ,
ಅದು ತಪ್ಪಿದರೆ ಏನೂ ಇಲ್ಲ." ನಕ್ಕಳು.
"ಇನ್ನು ಅವೆರಡೂ ಇಲ್ಲವಂತಲ್ಲ, ಅದನ್ನೇ ಹೇಳೋಣಾಂತ ಬಂದೆ.
ಮನೆಯಲ್ಲಿ ಮೊಮ್ಮಗಳೊಬ್ಬಳೇ ಇದ್ದಾಳೆ."
ಕಾಗದ ಕೊಟ್ಟು ಹೋಗಿ, ಓದಿಸುತ್ತೇನೆ ಎಂದೆ.
ಹಿಂಬದಿಗೆ ಅಂಗಡಿ ಸಾಮಾನಿನ ಪಟ್ಟಿಯಿದೆ, ಬೇಕು, ಎಂದಳು.

ಹದಿನೇಳು. ಮೂರು ಸಲ ಕೂಗಿದರು.
ಗೈರುಹಾಜರು, ಎಂದು ಬರೆದೆ.
ಐದಕ್ಕೆ ಎರಡರಿಂದ ವಿಷಯ ಪಾಸಾಯಿತು.

ಒಂಬತ್ತೂ ಹತ್ತಕ್ಕೆ ಕಾರು ತೆಗೆದೆ.
ಮಾರ್ಕೆಟ್ ಬೀದಿಯ ಕೆಂಪು ದೀಪ.
ಪಕ್ಕದ ಸ್ಟಾಪಿನಲ್ಲಿ ಆ ನೀಲಿ ಅಂಗಿ;
ಎಂಟೂ ನಲವತ್ತು ಇನ್ನೂ ಬಂದಿರಲಿಲ್ಲ.
ನಿಂತಲ್ಲೇ ಕಾಲು ಬದಲಿಸಿ ಬದಲಿಸಿ
ಹಿಮದಲ್ಲಿ ಒಂದು ಬಟ್ಟಲಷ್ಟು ಕಪ್ಪು ನೆಲ ಮಾಡಿಕೊಂಡಿದ್ದಳು.
ನನ್ನ ಗುರುತು ಹತ್ತಿತೋ ಇಲ್ಲವೋ, ಕೈ ಎತ್ತಿದಳು,
ಅಥವಾ ಟೊಪ್ಪಿಗೆ ಸರಿಮಾಡಿಕೊಂಡಳು.
ಹಸಿರಾಯಿತು. ಹಿಂದಿನವನು ಹಾರ್ನ್ ಒತ್ತಿದ.
ಪಕ್ಕದ ಸೀಟಿನ ಮೇಲೆ ನನ್ನ ಚೀಲ ಆರಾಮಾಗಿ ಕೂತಿತ್ತು.

ಮರುದಿನ ಕರಡು ತಿದ್ದುವಾಗ
ಗೈರುಹಾಜರು ಎಂಬುದನ್ನು ಹೊಡೆದು
ಬಸ್ಸಿಗೆ ಹೋದರು, ಎಂದು ಬರೆದೆ.
ಅಧ್ಯಕ್ಷರು ಅದನ್ನೂ ಹೊಡೆದು ಕಳಿಸಿದರು.
ಒಂದರ ಕೆಳಗೊಂದು ಎರಡು ಗೆರೆ,
ಅವುಗಳ ಪಕ್ಕ ಒಂದು ಹೆಸರು
ಇನ್ನೂ ನಿಂತೇ ಇದೆ.