ಹಲ್ಲಿನ ಲೆಕ್ಕ

ಹಗಲೆಲ್ಲ ಹಲ್ಲು ಜೋಡಿಸುವ ಕೆಲಸ ನನ್ನದು.
ಚಿಂತಾಮಣಿಯ ಬಸ್‌ಸ್ಟ್ಯಾಂಡ್ ಹಿಂದೆ, ಔಷಧಿ ಅಂಗಡಿಯ ಮಹಡಿ;
ಗುಲಾಬಿ ಮೇಣದ ವಸಡಿನಲ್ಲಿ ಒಂದೊಂದೇ ನೆಡುತ್ತೇನೆ,
ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು.
ಸಂಜೆ ಮನೆಗೆ ಬಂದು, ಸ್ಕೂಟರು ಆಚೆ ತಳ್ಳಿ,
ಶೆಡ್ಡಿನಲ್ಲಿ ಬ್ಯಾಂಡ್ ಸಾ ಮೇಲಿನ ದೀಪ ಹಾಕಿದರೆ
ಅಲ್ಲೂ ಹಲ್ಲೇ.
ಅತ್ತೆ ಕೇಳುತ್ತಾರೆ, ಇನ್ನೂ ಸಾಕಾಗಲಿಲ್ಲವೇನೇ?

ಮೊದಲ ಬ್ಲೇಡು ಕೊಂಡದ್ದು ಅಗ್ಗಕ್ಕೆ.
ನೀಲಿ ಹೊಳಪು, ಮುಟ್ಟಿದರೆ ಬೆರಳು ಕೊಯ್ಯುವಷ್ಟು ಚೂಪು;
ಚೂಪೇ ಸಾಕು ಅಂದುಕೊಂಡೆ.
ಮಾವಿನ ತುಂಡಿಗೆ ಒಡ್ಡಿದೆ. ಗೆರೆ ಒಂದು ಕಡೆ, ಅದು ಒಂದು ಕಡೆ,
ಕುಡಿದವನು ಬದುವಿನ ಮೇಲೆ ನಡೆದ ಹಾಗೆ.
ಗಾಲಿ ಸುತ್ತಿದಾಗಲೆಲ್ಲ ಬೆಸುಗೆಯ ಗಂಟು ಟಕ್, ಟಕ್,
ಮೂರನೆಯ ದಿನ ಅಲ್ಲೇ ಪಟ್ಟೆಂದು ಬಿಟ್ಟುಕೊಂಡಿತು.
ನಾನು ಸ್ವಿಚ್ಚು ಹುಡುಕುವಷ್ಟರಲ್ಲಿ
ಮೂಲೆಯಲ್ಲಿ ಮುದುರಿ ಬಿದ್ದಿತ್ತು, ಬೈಸಿಕೊಂಡ ಹುಡುಗನಂತೆ.

ಜಬ್ಬಾರಣ್ಣನ ಅಂಗಡಿಗೆ ಚೀಲದಲ್ಲಿ ಹೊತ್ತು ಹೋದೆ.
ಕನ್ನಡಕ ಹಣೆಯಿಂದ ಇಳಿಸಿ, ಹಲ್ಲಿನ ಮೇಲೆ ಉಗುರು ಎಳೆದರು.
"ನೋಡಮ್ಮ, ಎಡಕ್ಕೊಂದು ಬಲಕ್ಕೊಂದು ಬಾಗಬೇಕು.
ಇಲ್ಲಿ ಎಡದವು ಬಾಗಿವೆ, ಬಲದವು ನಾಚಿಕೊಂಡಿವೆ.
ಇನ್ನೆಲ್ಲಿ ನೆಟ್ಟಗೆ ಹೋಗುತ್ತೆ?"
ಇಂಚಿಗೆ ಹದಿನಾಲ್ಕು ಹಲ್ಲು, ಎಂದೆ, ಹೆಮ್ಮೆಯಿಂದ.
"ಅದು ತೆಳು ಹಲಗೆಗೆ. ದಪ್ಪ ಮರಕ್ಕೆ ಮೂರು ಸಾಕು.
ಹಲ್ಲೆಷ್ಟು ಅಂತ ಎಲ್ಲರೂ ಕೇಳ್ತಾರೆ,
ನಡುವೆ ಜಾಗ ಎಷ್ಟು ಅಂತ ಯಾರೂ ಕೇಳಲ್ಲ.
ಕೊಯ್ದ ಹೊಟ್ಟು ಎಲ್ಲಿಗೆ ಹೋಗಬೇಕು?
ಬಾಯ್ತುಂಬ ಅವಲಕ್ಕಿ ತುಂಬಿ ಹಾಡು ಹೇಳು ಅಂದ್ರೆ?"

ಹಿಂದಿನ ಗೋಡೆಯಿಂದ ಒಂದು ಸುರುಳಿ ಇಳಿಸಿದರು.
ಮುಕ್ಕಾಲು ಇಂಚಿನ ಅಗಲ, ಬೂದು ಬಣ್ಣ, ಹೊಳಪಿಲ್ಲ.
ಬೆನ್ನು ಬಗ್ಗುವ ಉಕ್ಕು, ಹಲ್ಲಿನ ತುದಿ ಮಾತ್ರ ಬೇರೆ ಜಾತಿ, ಗಡಸು.
ಕಣ್ಣು ಮುಚ್ಚಿ ಎರಡು ಸಲ ಸವರಿದೆ,
ಬೆಸುಗೆ ಬೆರಳಿಗೆ ಸಿಗಲಿಲ್ಲ.
ಮೂರು ಬ್ಲೇಡಿನ ದುಡ್ಡು, ಒಂದಕ್ಕೆ.
ಕೊಂಡೆ; ಮನೆಯಲ್ಲಿ ಕಾದಿತ್ತಲ್ಲ
ಗಂಗುಲಮ್ಮನ ಹಲಸಿನ ದಿಮ್ಮಿ.

ಹಲ್ಲುಸೆಟ್ಟಿಗೆ ಅರ್ಧ ದುಡ್ಡು ಕೊಟ್ಟು
ಉಳಿದರ್ಧಕ್ಕೆ ಟ್ರ್ಯಾಕ್ಟರಿನಲ್ಲಿ ಮರ ಕಳಿಸಿದವಳು ಆಕೆ.
"ಹಲ್ಲಿದ್ದಾಗ ಕಡಲೆ ಇರಲಿಲ್ಲ. ಈಗ ಕಡಲೆ ಅದೆ,
ಹಲ್ಲು ನೀನು ಕೊಡು" ಅಂದಿದ್ದಳು,
ತೆಲುಗು ಬೆರೆತ ನಮ್ಮ ಕಡೆಯ ಕನ್ನಡದಲ್ಲಿ.

ಭಾನುವಾರ ತಾನೇ ಬಂದಳು, ಕೆಳಗಿನದು ಎಡಗಡೆ ಒತ್ತುತ್ತದೆಂದು.
ಸೆಟ್ಟು ಕೈಯಲ್ಲಿ ಹಿಡಿದು ಕಲ್ಲುಕಟ್ಟೆಯ ಮೇಲೆ ಕೂತಳು.
ಇದೊಂದು ಕೊಯ್ಲು ಮುಗಿಸಿ ನೋಡುತ್ತೇನೆ, ಎಂದೆ.
ಹೊಸ ಪಟ್ಟಿ ಬಿಗಿದು ಮೀಟಿದರೆ ತಂತಿಯ ದನಿ.
ದಿಮ್ಮಿಯನ್ನು ಒತ್ತಬೇಕಾಗಲಿಲ್ಲ,
ಹಲ್ಲು ತಾನೇ ಕರೆದುಕೊಂಡಿತು,
ಅರಿಶಿನದಂಥ ಹೊಟ್ಟು ಪಾದದ ಮೇಲೆ ಬೆಚ್ಚಗೆ ಬೀಳುತ್ತಿತ್ತು,
ಗೆರೆಯೂ ಬ್ಲೇಡೂ ಒಂದೇ.

ಗೇಣುದ್ದ ಉಳಿದಾಗ ಕಿಡಿ.
ನಿಲ್ಲಿಸಿದೆ.
ಮರದೊಳಗೆ ತುಕ್ಕು ಹಿಡಿದ ಮೊಳೆ, ಕಿರುಬೆರಳುದ್ದ,
ಸುತ್ತ ಮಸಿ ಚೆಲ್ಲಿದಂತೆ ಕಪ್ಪು.
ಬ್ಲೇಡಿನಲ್ಲಿ ಎರಡು ಹಲ್ಲಿಲ್ಲ.

ಗಂಗುಲಮ್ಮ ಎದ್ದು ಬಂದು ಬಗ್ಗಿದಳು.
"ಅಯ್ಯೋ, ಅದು ನಾನೇ ಹೊಡ್ದಿದ್ದು ಕಣಮ್ಮ.
ಮದುವೆಯಾಗಿ ಬಂದ ಮೂರನೇ ವರ್ಷ.
ಗೊಡ್ಡು ಮರ, ಮೊಳೆ ಹೊಡೆದ್ರೆ ಕಾಯಿ ಕಚ್ತದೆ ಅಂತ
ನಮ್ಮತ್ತೆ ಸುತ್ತಿಗೆ ಕೊಟ್ಲು.
ಕೊಡೋವಾಗ ನನ್ನೇ ನೋಡ್ತಿದ್ಲು."

ಕಚ್ಚಿತೇ?

"ಬಿಡ್ತದಾ? ಬೇರಿನ ತನಕ ಬಿಡ್ತು, ಆ ಮರ."
ಬರಿಯ ವಸಡಿನಲ್ಲಿ ನಕ್ಕಳು.
ನಾನು ಬೇರೇನೂ ಕೇಳಲಿಲ್ಲ.
ಸೆಟ್ಟಿನ ಎಡಬದಿಯನ್ನು ಕೂದಲೆಳೆಯಷ್ಟು ಉಜ್ಜಿದೆ,
ಹಾಕಿ ನೋಡಿದಳು, ಎರಡು ಸಲ ಕಚ್ಚಿ ನೋಡಿದಳು, ಸರಿ ಅಂದಳು.
ಹೊರಡುವಾಗ ಕೈ ಚಾಚಿದಳು.
ಆ ಮೊಳೆ ಕೊಡು.

ಇಕ್ಕಳದಲ್ಲಿ ಕಿತ್ತು ಕೊಟ್ಟೆ.
ಸೆರಗಿನ ತುದಿಗೆ ಗಂಟು ಹಾಕಿಕೊಂಡು
ಕೈವಾರದ ಬಸ್ಸು ಹತ್ತಿದಳು.